ಬಂಡೆಯಿಂದ ಎದ್ದುಹೋದ ಮಗು

“ನಿನ್ನ ಕೈಗೆ ಬೆಂಕಿ ಹಾಕ! ಒರೆಸು ಅಂತ ಯಾರು ಹೇಳಿದ್ರು ನಿಂಗೆ?”

“ಬಾಯಿ ಮುಚ್ಚು! ಚಿತ್ರ ಮಸುಕಾಗಿತ್ತು, ಒದ್ದೆ ಬಟ್ಟೇಲಿ ಉಜ್ಜಿದೆ. ಫೋಟೊ ಹೇಗೆ ಹೊಳೀತಿದೆ ನೋಡು. ಬೋರ್ಡ್ ಬರೆಯೋನಿಗೇ ಬಣ್ಣದ ಪಾಠ ಹೇಳ್ತೀಯಾ?”

ಅಣ್ಣ ಅಂಗಡಿಗಳ ಬೋರ್ಡ್ ಬರೆಯುವವನು. ತಂಗಿ ಬಟ್ಟೆ ಹೊಲಿಯುವವಳು. ಬಿಡುವಾದಾಗ ಅವಳು ಗೆಳತಿಯರ ಜೊತೆ ಗುಡ್ಡ ಹತ್ತಿ, ಬಂಡೆಯ ಮೇಲೆ ಆದಿಮಾನವರು ಬರೆದ ಕೆಂಪು ಚಿತ್ರಗಳ ಫೋಟೊ ತೆಗೆದು ಇಂಟರ್‌ನೆಟ್ಟಿನಲ್ಲಿ ಇಂಥ ಚಿತ್ರ ದಾಖಲಿಸುವ ಗುಂಪೊಂದಕ್ಕೆ ಹಾಕುತ್ತಿದ್ದಳು. ಎಲ್ಲೆಲ್ಲಿಯವರೋ ಅದನ್ನು ನೋಡಿ, ತಾವು ಹಿಂದೆಂದೋ ತೆಗೆದ ಫೋಟೊಗಳನ್ನು ಪಕ್ಕದಲ್ಲಿ ಸೇರಿಸುತ್ತಿದ್ದರು. ಮೊನ್ನೆ ಅವಳಿಗೆ ಜ್ವರವೆಂದು ಅವಳ ಬದಲು ಅಣ್ಣ ಫೋಟೊ ತೆಗೆಯಲು ಹೋಗಿದ್ದ.

ತಂಗಿ ಫೋನನ್ನು ಹೊಲಿಗೆ ಯಂತ್ರದ ಮೇಲೆ ಕುಕ್ಕಿದಳು. “ಇದು ಹಳೇದು. ಯಾರೋ ಪುಣ್ಯಾತ್ಮರು ತೆಗೆದಿಟ್ಟಿದ್ದು.”

ಕೈ ಕೈ ಹಿಡಿದ ಜನರ ಸಾಲು. ಕೊನೆಯಲ್ಲೊಬ್ಬ ಹೆಂಗಸು. ಅವಳ ಕೈ ಹಿಡಿದ ಪುಟ್ಟ ಮಗು.

“ಇದು ನಿಂದು.”

ಅದೇ ಸಾಲು, ಅದೇ ಹೆಂಗಸು. ಕೈ ಹಾಗೇ ಚಾಚಿದೆ. ಕೈಯಲ್ಲಿ ಯಾರೂ ಇಲ್ಲ.

ಅಣ್ಣ ಫೋನಿನ ಮೇಲೆ ಬಗ್ಗಿದ. “ಮಗು ಎಲ್ಲೇ?”

“ನನ್ನನ್ನ ಕೇಳ್ತೀಯಲ್ಲ!”

ಅಷ್ಟರಲ್ಲಿ ಹಿತ್ತಿಲಿನಿಂದ ಅಮ್ಮ ಕೂಗಿದಳು. “ಈ ಬಟ್ಟೆ ಎಷ್ಟು ಹಿಂಡಿದ್ರೂ ಕೆಂಪು ಬಿಡ್ತಾನೇ ಇದೆ! ಯಾರಿಗ್ರೋ ಗಾಯ ಆಗಿದ್ದು?”

ತಂಗಿ ಹಿತ್ತಿಲಿನ ಬಾಗಿಲು ಮುಂದಕ್ಕೆಳೆದಳು.

“ಸಾವಿರಾರು ವರ್ಷ ಮಳೆ ತಡ್ಕೊಂಡಿದ್ದು, ಒಂದು ಬಟ್ಟೆಗೆ ಹೋಗುತ್ತಾ?” ಎಂದ ಅಣ್ಣ. ದನಿ ಇಳಿದಿತ್ತು.

“ಮಳೆ ಬೀಳದ ಜಾಗ ಹುಡುಕಿ ಬರೆದಿದ್ದಾರೆ ಕಣೋ. ಅವರಿಗೆ ಬುದ್ಧಿ ಇತ್ತು. ಮಸುಕಾಗಿದ್ದನ್ನ ಹಾಗೇ ಕಳಿಸಿದ್ರೆ, ಗುಂಪಿನವರು ಕಂಪ್ಯೂಟರಿನಲ್ಲಿ ಬಣ್ಣ ಎಬ್ಬಿಸ್ತಾರೆ. ಕಣ್ಣಿಗೆ ಕಾಣದ್ದೂ ಕಾಣುತ್ತೆ.”

“ಹಾಗಾದ್ರೆ ನನ್ನದ್ರಲ್ಲೂ ಎಬ್ಬಿಸೋಕೆ ಹೇಳು! ಮಗು ಸ್ವಲ್ಪನಾದ್ರೂ ಉಳಿದಿರುತ್ತೆ.”

“ಎಬ್ಬಿಸಿದ್ದಾರೆ. ನೋಡು.”

ಮಗುವಿದ್ದ ಜಾಗದಲ್ಲಿ ಉದ್ದುದ್ದ ಗೀರುಗಳು. ಬಟ್ಟೆ ಒತ್ತಿ ಎಳೆದ ಬೆರಳುಗಳು. ಅವನವೇ.

ಅಣ್ಣ ಬಣ್ಣದ ಡಬ್ಬಿ ಎತ್ತಿಕೊಂಡ. “ನಡಿ, ನಾನೇ ಬರೀತೀನಿ. ಗುರುತೇ ಸಿಗಬಾರದು, ಹಾಗೆ.”

“ಬರಿ. ಆಮೇಲೆ ಅವಳು ನಿನ್ನ ಅಂಗಡಿ ಬಣ್ಣದ ಕೈ ಹಿಡ್ಕೊಂಡು ನಿಂತಿರ್ತಾಳೆ. ಅದು ಅವಳ ಮಗು ಅಲ್ಲ, ಅಣ್ಣ.”

ಡಬ್ಬಿ ಕೆಳಗಿಳಿಯಿತು. “ಬಂಡೆ ಮೇಲೆ ಉಳಿದವರ ಫೋಟೊ ಆಗಿದ್ಯಾ?”

“ಅರ್ಧನೂ ಇಲ್ಲ.”

ಮರುದಿನ ಇಬ್ಬರೂ ಹೋದರು. ಯಾವುದನ್ನೂ ಮುಟ್ಟದೆ ಎಲ್ಲ ಚಿತ್ರಗಳ ಫೋಟೊ ತೆಗೆದರು. ಕೊನೆಗೆ ಆ ಹೆಂಗಸಿನೆದುರು ನಿಂತಾಗ, ಚಾಚಿದ ಕೈ ತನ್ನ ಕಡೆಗೇ ತಿರುಗಿದಂತೆ ಅಣ್ಣನಿಗೆ ಅನ್ನಿಸಿತು. ಫೋನನ್ನು ತಂಗಿಗೆ ಕೊಟ್ಟು ಹೊರಗೆ ನಡೆದ. ಮತ್ತೆ ಆ ಬಂಡೆಯಡಿಗೆ ಕಾಲಿಡಲಿಲ್ಲ. ಈಗ ಗುಡ್ಡ ಹತ್ತುವವರ ನೀರಿನ ಬಾಟಲಿಗಳನ್ನು ಕೆಳಗೇ ಇಡಿಸಿಕೊಳ್ಳುತ್ತಾನೆ. ಯಾಕೆಂದು ಕೇಳಿದವರಿಗೆ ಆ ಎರಡು ಫೋಟೊ ತೋರಿಸುತ್ತಾನೆ.

ಓದುತ್ತಿರುವವರೇ, ನಿಮ್ಮ ಗುಡ್ಡದಲ್ಲೂ ಇಂಥವರು ನಿಂತಿರಬಹುದು. ನೀರು ಎರಚಬೇಡಿ, ಸೀಮೆಸುಣ್ಣ ಎಳೆಯಬೇಡಿ, ಹೆಸರು ಕೆತ್ತಬೇಡಿ. ಕೈ ಕೆರೆಯುತ್ತಿದ್ದರೆ ಜೇಬಿನಲ್ಲಿಟ್ಟುಕೊಳ್ಳಿ. ದೂರದಿಂದ ಫೋಟೊ ತೆಗೆದು, ತಾರೀಖು ಹಾಕಿ, ಇಂಥ ಚಿತ್ರಗಳನ್ನು ದಾಖಲಿಸುವ ಗುಂಪಿಗೆ ಕಳಿಸಿ. ಜಾಗದ ಗುರುತು ಅವರಿಗೆ ಮಾತ್ರ ಹೇಳಿ, ಊರಿಗೆಲ್ಲ ಸಾರಬೇಡಿ. ಮನೆಯಲ್ಲಿ ಹಳೆಯ ಫೋಟೊ ಇದ್ದರೆ ಅದನ್ನೂ ಕಳಿಸಿ. ನಾಳೆ ನೋಡೋಣ ಅನ್ನಬೇಡಿ. ನಾಳೆ ನೀವು ಹೋಗುವಷ್ಟರಲ್ಲಿ ಆ ಸಾಲಿನಿಂದ ಇನ್ನೊಬ್ಬರು ಎದ್ದು ಹೋಗಿರುತ್ತಾರೆ. ಅವರು ತಿರುಗಿ ಬರುವುದಿಲ್ಲ.