ಈರುಳ್ಳಿಯ ಯಜಮಾನ

ಆ ಶನಿವಾರ ನನ್ನ ತಮ್ಮ ಬ್ರೋಡಿ ಕಪ್ಪು ಅಂಗಿಯವರ ಮೆರವಣಿಗೆಗೆಂದು ಮೆಲ್ಬರ್ನಿಗೆ ಹೊರಡಲಿದ್ದ. ಗಂಡುಹುಡುಗರನ್ನು ಹಾಳು ಮಾಡಿದ್ದು ಹೆಂಗಸರು, ಹೊರಗಿನಿಂದ ಬಂದವರು ಎಂದು ಬೊಬ್ಬೆ ಹೊಡೆಯುವ ಗುಂಪು ಅದು. ಅವರ ಮುಂದಾಳು ಲೀತ್ ಹನ್ನೊಂದಕ್ಕೆ ವ್ಯಾನು ತರುವವನಿದ್ದ. ಒಮ್ಮೆ ಅವರ ಜೊತೆ ಹೋದರೆ ತಮ್ಮ ಮತ್ತೆ ನಮಗೆ ದಕ್ಕುವುದಿಲ್ಲವೆಂದು ನನಗೆ ಭಯ. ಆದರೆ ಹೋಗಬೇಡ ಎನ್ನಲು ಬಾಯಿ ಬರಲಿಲ್ಲ.

"ಶಾಲೇಲಿ ಸಾಸೇಜು ಸುಡ್ಬೇಕು. ಗ್ಯಾಸ್ ಸಿಲಿಂಡರ್ ಎತ್ತಕ್ಕೆ ನಂಗಾಗಲ್ಲ," ಎಂದೆ.

"ಸುಟ್ಟರೆ ಆ ಶಾಲೇನೇ ಸುಡ್ಬೇಕು ಮಾರ್ನಿ ಅಕ್ಕ," ಎಂದು ಗೊಣಗಿದ. ಆದರೂ ಬಂದ.

ನಾನು ಆ ಶಾಲೆಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದೇನೆ. ಮಕ್ಕಳ ಅಪ್ಪ ಅಮ್ಮಂದಿರು ಶಾಲೆಯ ಬೇಲಿಗೆ ಬಣ್ಣ ಬಳಿಯಲು ಬಂದ ದಿನ ಅವರ ಊಟಕ್ಕೆ ಅಂಗಳದಲ್ಲಿ ಮಾಂಸದ ಸಾಸೇಜು ಸುಡಲೇಬೇಕು. ಅಲ್ಲಿ ಬೆಂಚಿನ ಮೇಲೆ ಐದು ವರ್ಷದ ಓಟಿಸ್ ಮುಖ ಊದಿಸಿಕೊಂಡು ಕೂತಿದ್ದ. ಇಕ್ಕಳ ಹಿಡಿದು ಎಲ್ಲರನ್ನೂ ಅಟ್ಟಿಸಿಕೊಂಡು ಹೋದದ್ದಕ್ಕೆ ಶಿಕ್ಷೆ. ಕೂರಿಸಿದವರು ಅವನ ಟೀಚರ್ ಮಿಸೆಸ್ ಪ್ರೌಟ್. ಬ್ರೋಡಿಗೂ ಮೊದಲ ವರ್ಷ ಕಲಿಸಿದವರು ಅವರೇ.

"ಇನ್ನೂ ಅದೇ ಬೆಂಚಾ ಮಿಸ್?" ಬ್ರೋಡಿಯ ದನಿ ಗಡುಸಾಗಿತ್ತು. "ಇಡೀ ವರ್ಷ ನನ್ನ ಅಲ್ಲೇ ಕೂರಿಸಿದ್ರಿ. ಹುಡುಗ್ರೆಲ್ಲ ನಂಗೆ ಬೆಂಚು ಅಂತಾನೇ ಹೆಸರಿಟ್ಟಿದ್ರು."

"ನೀನು ಮೀನಿನ ತೊಟ್ಟೀಲಿ ಕಾಲು ತೊಳೀತಿದ್ದೆ ಕಣೋ!" ಎಂದು ನಕ್ಕ ಮಿಸೆಸ್ ಪ್ರೌಟ್ ಆಮೇಲೆ ಮೆಲ್ಲಗೆ ಹೇಳಿದರು: "ನಿನ್ನ ಹೇಗೆ ಸಂಭಾಳಿಸ್ಬೇಕು ಅಂತ ನಂಗೆ ತಿಳೀಲಿಲ್ಲ. ಇವನನ್ನೂ ಅಷ್ಟೇ. ನೀನೇ ಹೇಳು, ಏನ್ಮಾಡ್ಲಿ?"

ಜಗಳಕ್ಕೆ ಸಿದ್ಧನಾಗಿದ್ದ ಬ್ರೋಡಿ ತಬ್ಬಿಬ್ಬಾದ. ತಲೆ ಕೆರೆದುಕೊಂಡ. "ಕೈಗೇನಾದ್ರೂ ಕೆಲ್ಸ ಕೊಡಿ ಅವನಿಗೆ... ಬಾರೋ ಮರಿ ಇಲ್ಲಿ."

ಓಟಿಸ್ ಈರುಳ್ಳಿಯ ಯಜಮಾನನಾದ. ಬ್ರೆಡ್ಡಿನ ಮೇಲೆ ಮೊದಲು ಈರುಳ್ಳಿ, ಆಮೇಲೆ ಸಾಸೇಜು ಬರಬೇಕು. ಅವನು ಸಾಸೇಜಿನ ಮೇಲೆ ಸುರಿದ.

"ಅಯ್ಯೋ, ಅದು ಕೆಳಗೆ ಬಿದ್ರೆ ಯಾರಾದ್ರೂ ಜಾರಿ ಸೊಂಟ ಮುರ್ಕೊಳ್ತಾರೆ!" ಎಂದು ಬೇಲಿಯ ಬಳಿಯಿಂದ ಒಬ್ಬ ಕೂಗಿದ.

"ಸುಮ್ನಿರಯ್ಯಾ! ನಮ್ಮಪ್ಪನ ಕಾಲದಿಂದ್ಲೂ ಈರುಳ್ಳಿ ಮೇಲೇನೇ!" ಎಂದ ಇನ್ನೊಬ್ಬ.

ಬಣ್ಣದ ಬ್ರಷ್ ಹಿಡಿದವರೆಲ್ಲ ಎರಡು ಪಕ್ಷವಾದರು. ಬ್ರೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತು.

ಅಷ್ಟರಲ್ಲಿ ಬ್ರೋಡಿಯನ್ನು ಹುಡುಕಿಕೊಂಡು ವ್ಯಾನು ಶಾಲೆಯ ಗೇಟಿಗೇ ಬಂದು ಹಾರ್ನ್ ಹೊಡೆಯಿತು. ಲೀತ್ ತಲೆ ಹೊರಗೆ ಹಾಕಿದ. "ಏನೋ, ಹೆಂಗಸ್ರ ಜೊತೆ ಈರುಳ್ಳಿ ಹುರೀತಾ ಇದೀಯಾ?"

"ಈರುಳ್ಳಿ ನಂದು!" ಓಟಿಸ್ ಇಕ್ಕಳ ಝಳಪಿಸಿದ. "ನಿಂಗೂ ಬೇಕಾದ್ರೆ ಸಾಲಲ್ಲಿ ನಿಂತ್ಕೋ!"

ಎಲ್ಲರೂ ಗೊಳ್ಳೆಂದರು. ಲೀತ್‌ನ ಕಿವಿ ಕೆಂಪಾಯಿತು. "ಬರ್ತೀಯೋ ಇಲ್ವೋ?"

ಬ್ರೋಡಿ ವ್ಯಾನಿನ ಕಡೆ ನೋಡಿದ, ಓಟಿಸ್‌ನ ಕಡೆ ನೋಡಿದ. ಈರುಳ್ಳಿ ಹೆಚ್ಚುತ್ತಿದ್ದ ನನ್ನ ಕೈಯ ಚಾಕು ನಿಂತುಹೋಯಿತು.

"ಇವನೊಬ್ಬನನ್ನೇ ಬೆಂಕಿ ಹತ್ರ ಬಿಟ್ಟು ಹೇಗೆ ಬರ್ಲಿ? ನೀವ್ ಹೋಗಿ."

ವ್ಯಾನು ಧೂಳೆಬ್ಬಿಸಿ ಹೋಯಿತು.

"ಮುಂದಿನ ವಾರ ಹೋಗ್ತೀನೇನೋ," ಎಂದ, ನನ್ನ ಮುಖ ನೋಡದೆ.

"ಮುಂದಿನ ಶನಿವಾರ ಕೈತೋಟದ ಕೆಲ್ಸ ಇದೆ," ಎಂದುಬಿಟ್ಟೆ. ಅಂಥದ್ದೇನೂ ಇರಲಿಲ್ಲ.

ಮಿಸೆಸ್ ಪ್ರೌಟ್ ಒಂದಿಷ್ಟೂ ತಡವರಿಸಲಿಲ್ಲ. "ಹೌದೌದು. ಗುದ್ದಲಿ ನೀನೇ ತರ್ಬೇಕಪ್ಪ, ಬ್ರೋಡಿ."