ತೂತು ಮುಚ್ಚಿದ ಡಬ್ಬದ ಮಲ್ಲಿಗೆ

ಮರಾಠಿ ನಾಡಿನ ಕೋಪರಿ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ ಪುಷ್ಪಾವತಿಯವರ ಮನೆ. ಕಿಟಕಿಯ ಗ್ರಿಲ್ಲಿನಲ್ಲಿ ಹದಿನೈದು ಲೀಟರಿನ ಎಣ್ಣೆ ಡಬ್ಬ, ಅದರಲ್ಲಿ ಒಂದು ಮಲ್ಲಿಗೆ ಗಿಡ. ನೆಟ್ಟವರು ಗಂಡ ತಾರಾನಾಥ. ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆ ಪ್ರದೇಶದ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷ ಗಲ್ಲಾದಲ್ಲಿ ಕುಳಿತವರು. ಡಬ್ಬವೂ ಅಲ್ಲಿಂದಲೇ ಬಂದದ್ದು. ಕಳೆದ ವರ್ಷ ಅವರು ತೀರಿಕೊಂಡರು.

ಆಮೇಲೆ ಕೆಳಮನೆಯವರು ದೂರು ತಂದರು, ಒಣಗಲು ಹಾಕಿದ ಬಟ್ಟೆಯ ಮೇಲೆ ಕೆಸರು ನೀರು ಬೀಳುತ್ತದೆ ಎಂದು. ಜಗಳ ಯಾರಿಗೆ ಬೇಕು? ಬಾತ್‌ರೂಮ್ ರಿಪೇರಿಯಲ್ಲಿ ಉಳಿದ ಸಿಮೆಂಟು ಕಲಸಿ ಪುಷ್ಪಾವತಿ ಡಬ್ಬದ ತಳದ ತೂತುಗಳನ್ನು ಮುಚ್ಚಿಬಿಟ್ಟರು. ಗಂಡನ ನೆನಪಾದಾಗಲೆಲ್ಲ ಗಿಡಕ್ಕೆ ಒಂದು ಚೊಂಬು ಅಕ್ಕಿ ತೊಳೆದ ನೀರು ಹಾಕುವುದು ಅವರ ರೂಢಿ. ನೆನಪು ದಿನಕ್ಕೆ ಎಷ್ಟು ಸಲ ಬರುತ್ತದೆಂದು ಕಳೆದುಕೊಂಡವರಿಗೇ ಗೊತ್ತು.

ಎಲೆ ಹಳದಿಯಾಗಿ ಉದುರತೊಡಗಿತು.

"ವರ್ಷಾಂತಿಕಕ್ಕೆ ಇದರದ್ದೇ ಹೂ ಅವರ ಫೋಟೋಕ್ಕೆ ಇಡ್ಬೇಕಂತಿದ್ದೆ" ಎನ್ನುತ್ತ ಪುಷ್ಪಾವತಿ ಇನ್ನೊಂದು ಚೊಂಬು ಸುರಿದರು.

"ಮಮ್ಮಿ, ಇತನಾ ಪಾನಿ ಮತ್ ಡಾಲೋ" ಎಂದು ಮಗಳು ದಿಶಾ, ಇಷ್ಟು ನೀರು ಹಾಕಬೇಡವೆಂದು ಹಿಂದಿಯಲ್ಲೇ ತಡೆದಳು.

"ನೀನು ಸುಮ್ಮನಿರು. ಅದಕ್ಕೆ ಬಾಯಾರಿಕೆ ಆಗಿದೆ."

ಒಂದು ಬೆಳಿಗ್ಗೆ ಕಸ ಒಯ್ಯಲು ಮರಗಮ್ಮ ಬಂದಳು. ಯಾದಗಿರಿ ಕಡೆಯವಳು, ಮಧ್ಯಾಹ್ನದ ಮೇಲೆ ನರ್ಸರಿಯಲ್ಲಿ ಕೆಲಸ.

"ಅಕ್ಕಾರ, ಗಿಡದ ಬೇರು ಕೊಳ್ತಾವ್ರಿ. ವಾಸನಿ ಬರ್ಲತ್ತದ."

"ಎಂತ ಹೇಳ್ತಿ ಮಾರಾಯ್ತಿ! ದಿನಾ ನೀರು ಹಾಕ್ತೇನೆ, ಕೊಳೆಯುದು ಹೇಗೆ?"

"ಹಾಕಿದ ನೀರು ಹೊರಗ ಹೋಗ್ಬೇಕಲ್ರಿ. ಕೈಯಾಡಿಸಿ ನೋಡೀನ್ರಿ, ತಳದಾಗ ತೂತೇ ಇಲ್ಲ. ಬೇರಿಗೂ ಗಾಳಿ ಬೇಕ್ರಿ."

"ತೂತು ಇದ್ರೆ ಕೆಳಗಿನವರು ಜಗಳಕ್ಕೆ ಬರ್ತಾರಲ್ಲ?"

"ಅಡಿಯಾಗ ಒಂದು ತಾಟ ಇಡ್ರಿ. ಬಿದ್ದ ನೀರು ಚೆಲ್ರಿ."

ಪುಷ್ಪಾವತಿಗೆ ನಂಬಿಕೆ ಬರಲಿಲ್ಲ. ಮರಗಮ್ಮ ಡಬ್ಬವನ್ನು ಬೋರಲು ಹಾಕಿ ತೋರಿಸಿದಳು. ಬೇರು ಕಪ್ಪಾಗಿತ್ತು, ಮುಟ್ಟಿದರೆ ಕೈಗೇ ಬಂತು.

"ದೇವರೇ, ನಾನೇ ಕೊಂದೆನಲ್ಲ" ಎಂದು ಪುಷ್ಪಾವತಿ ನೆಲದ ಮೇಲೆಯೇ ಕುಳಿತು ಅತ್ತರು. ಈ ಕಥೆ ಹೇಳುತ್ತಿರುವ ನಾನೂ ಒಂದು ಕರಿಬೇವನ್ನು ಹೀಗೇ ಕೊಂದವಳು. ಆ ಅಳು ನನಗೆ ಗೊತ್ತು.

ಒಂದೇ ಒಂದು ಕುಡಿ ಇನ್ನೂ ಹಸಿರಾಗಿತ್ತು. ಮರಗಮ್ಮ ಅದನ್ನು ಗೇಣುದ್ದ ಕತ್ತರಿಸಿಟ್ಟುಕೊಂಡು, ಕಸದ ಚೀಲಕ್ಕೆ ಕೈಹಾಕಿ ಅಂದು ಕಾಯಿ ತುರಿದು ಎಸೆದ ತೆಂಗಿನ ಚಿಪ್ಪು, ಆ ಗೆರಟೆಯನ್ನು ಹೊರಗೆ ತೆಗೆದಳು.

"ದಿನಾ ಇದನ್ನ ಒಗೀತೀರಲ್ರಿ?"

"ಗೆರಟೆಯಾ? ಅದು ಕಸ ಅಲ್ವಾ?"

ದಿಶಾ ಮೊಳೆ, ಸುತ್ತಿಗೆ ತಂದು ಸಿಮೆಂಟು ಒಡೆದಳು. ಮರಗಮ್ಮ ಗೆರಟೆಯನ್ನು ಚೂರು ಮಾಡಿ ಒಂದೊಂದು ತೂತಿನ ಮೇಲೂ ಒಂದೊಂದನ್ನು ಕವುಚಿಟ್ಟಳು. ಈಗ ಮಣ್ಣು ಜಾರಿ ತೂತು ಕಟ್ಟುವುದಿಲ್ಲ, ನೀರು ಮಾತ್ರ ಇಳಿಯುತ್ತದೆ. ಮೇಲೆ ತೆಂಗಿನ ನಾರಿನ ತೆಳು ಹಾಸು.

"ದಪ್ಪ ಹಾಕ್ಬ್ಯಾಡ್ರಿ, ಬೇರಿಗಿ ಜಾಗ ಕಡಿಮಿ ಆಗ್ತದ."

ಆಮೇಲೆ ಹೊಸ ಮಣ್ಣು, ಅದರಲ್ಲಿ ಕತ್ತರಿಸಿಟ್ಟ ಆ ಕುಡಿಯ ಕಡ್ಡಿ. ಡಬ್ಬದಡಿಗೆ ಒಡೆದ ಟೈಲ್ಸಿನ ಚೂರು ಕೊಟ್ಟು ಎತ್ತರಿಸಿ, ಕೆಳಗೆ ಹಳೆಯ ತಟ್ಟೆಯೊಂದನ್ನು ಇಟ್ಟರು. ಬೆರಳಿಟ್ಟು ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ನೀರು ಎಂದು ಮರಗಮ್ಮ ಹೇಳಿಹೋದಳು.

ವರ್ಷಾಂತಿಕದ ದಿನ ಫೋಟೋಕ್ಕೆ ಪೇಟೆಯ ಹೂವನ್ನೇ ಹಾಕಬೇಕಾಯಿತು. ಕಡ್ಡಿಯಲ್ಲಿದ್ದದ್ದು ಎರಡೇ ಎಲೆ. ತಾರಾನಾಥರು ನೆಟ್ಟ ಗಿಡ ಹೋಯಿತು, ಅದು ಇನ್ನು ಬರುವುದಿಲ್ಲ. ಪುಷ್ಪಾವತಿ ಕಣ್ಣೊರೆಸಿಕೊಂಡು ಮಣ್ಣಿಗೆ ಬೆರಳಿಟ್ಟರು. ಇನ್ನೂ ಹಸಿಯಾಗಿತ್ತು. ಆ ದಿನ ಅವರು ನೀರು ಹಾಕಲಿಲ್ಲ.

ಅಕ್ಕತಂಗಿಯರೇ, ನಾಳೆ ಕಾಯಿ ತುರಿದ ಮೇಲೆ ಗೆರಟೆಯನ್ನು ಎಸೆಯಬೇಡಿ. ಮೊದಲು ನಿಮ್ಮ ಕುಂಡವನ್ನೋ ಡಬ್ಬವನ್ನೋ ಎತ್ತಿ ಅದರ ತಳ ನೋಡಿ. ತೂತು ಇಲ್ಲದಿದ್ದರೆ ಮಾಡಿ, ಇದ್ದರೆ ಕಟ್ಟಿಕೊಂಡಿದೆಯೇ ನೋಡಿ. ಪುಷ್ಪಾವತಿಯವರಿಗೆ ಇದು ತಿಳಿಯುವಾಗ ತಡವಾಗಿತ್ತು. ನಿಮ್ಮ ಮನೆಯ ಗಿಡ ಇನ್ನೂ ಬದುಕಿದೆ.