ಬ್ಯಾಂಕ್ ಆಫೀಸರರ ಮಕ್ಕಳು

ಗಂಗಾಧರಸ್ವಾಮಿಯ ಕಂಪ್ಯೂಟರ್ ಸೆಂಟರ್ ಚಾಮರಾಜನಗರದಲ್ಲಿ ಅರಿಸಿನದ ಮಂಡಿಯೊಂದರ ಮಹಡಿಯ ಮೇಲಿತ್ತು. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಟೆಲಿಫೋನ್. ಇಂಟರ್‌ನೆಟ್ ಬೇಕೆಂದರೆ ಮೈಸೂರಿಗೆ ಎಸ್‌ಟಿಡಿ ಹಚ್ಚಬೇಕಿತ್ತು. ಒಮ್ಮೊಮ್ಮೆ ಲೈನ್ ಸಿಗುತ್ತಿತ್ತು.

೧೯೯೯ರ ಆಗಸ್ಟ್‌ನ ಒಂದು ಭಾನುವಾರ ಅಲ್ಲಿಗೆ ಬಂದವರಲ್ಲಿ ಭೀಮನಬೀಡಿನ ಶಿವಲಕ್ಷ್ಮಿಯೂ ಇದ್ದಳು. ಗುಂಡ್ಲುಪೇಟೆಯಲ್ಲಿ ಬಿ.ಎ. ಮುಗಿಸಿದ್ದ ಅವಳಿಗೆ ಮೈಸೂರಿನ ಖಾಸಗಿ ಕಾಲೇಜೊಂದು ಎಂ.ಎಸ್‌.ಡಬ್ಲ್ಯು. ಸೀಟು ಕೊಟ್ಟಿತ್ತು. ಷರತ್ತು ಒಂದೇ: ಇಂಗ್ಲಿಷ್‌ನಲ್ಲಿ ಹಿಂದುಳಿದ ವಿದ್ಯಾರ್ಥಿಗಳಿಗಾಗಿ ಬೆಂಗಳೂರಿನ ಸಂಸ್ಥೆಯೊಂದು ಇಂಟರ್‌ನೆಟ್ ಮೂಲಕ ನಡೆಸುವ ಕೋರ್ಸನ್ನು ತಿಂಗಳ ಕೊನೆಯೊಳಗೆ ಪಾಸು ಮಾಡಬೇಕು. ಇಲ್ಲವಾದರೆ ಸೀಟು ಪಟ್ಟಿಯಲ್ಲಿ ಅವಳ ನಂತರದವರಿಗೆ ಹೋಗುತ್ತದೆ.

ಹಿಂದಿನ ವಾರ ಇದೇ ಸೆಂಟರಿನಲ್ಲಿ ಕೋರ್ಸಿನ ಎಲ್ಲರಿಗೂ ಕೊನೆಯ ಪರೀಕ್ಷೆ ನಡೆದಿತ್ತು. ನಿಮ್ಮ ಕುಟುಂಬದ ಬಗ್ಗೆ ಪ್ರಬಂಧ ಬರೆದು ಇ-ಮೇಲ್ ಮಾಡಿ ಎಂದಿದ್ದರು. ಓದಿದೊಡನೆ ಶಿವಲಕ್ಷ್ಮಿಗೆ ಧೈರ್ಯ ಬಂದಿತ್ತು. ಆ ಪ್ರಬಂಧ ಗೈಡ್‌ನಲ್ಲಿತ್ತು. ಇಂಗ್ಲಿಷ್ ಓದುವುದೆಂದರೆ ಗೈಡನ್ನು ಬಾಯಿಪಾಠ ಮಾಡುವುದೆಂದೇ ಅವಳು ಹೈಸ್ಕೂಲಿನಿಂದ ಕಲಿತಿದ್ದಳು. ಒಂದು ಪದ ಬಿಟ್ಟರೂ ಮೇಷ್ಟರು ನಿಲ್ಲಿಸಿ ಮೊದಲಿಂದ ಹೇಳಿಸುತ್ತಿದ್ದರು. ಪ್ರಬಂಧದಲ್ಲಿ ತಂದೆ ಬ್ಯಾಂಕ್ ಆಫೀಸರ್, ತಾಯಿ ಗುಲಾಬಿ ಗಿಡ ಬೆಳೆಸುತ್ತಾಳೆ, ರಜೆಯಲ್ಲಿ ಎಲ್ಲರೂ ಊಟಿಗೆ ಹೋಗುತ್ತಾರೆ. ಅದು ಸುಳ್ಳೆಂದು ಶಿವಲಕ್ಷ್ಮಿಗೆ ಯಾವತ್ತೂ ಅನಿಸಿರಲಿಲ್ಲ. ಇಂಗ್ಲಿಷ್‌ನಲ್ಲಿ ಅಪ್ಪಂದಿರು ಬ್ಯಾಂಕಿನಲ್ಲೇ ಇರುತ್ತಿದ್ದರು.

ಈ ಭಾನುವಾರ ಬೆಂಗಳೂರಿನಿಂದ ಉತ್ತರ ಬಂದಿತ್ತು. ಗಂಗಾಧರಸ್ವಾಮಿ ಪ್ರಿಂಟ್ ಹಿಡಿದುಕೊಂಡು ಕನ್ನಡದಲ್ಲಿ ಹೇಳಿದ.

“ನಿಮ್ಮ ಸೆಂಟರಿನ ಅಷ್ಟೂ ಜನರ ತಂದೆ ಬ್ಯಾಂಕ್ ಆಫೀಸರಂತೆ. ಒಂದು ಅಕ್ಷರ ಆಚೀಚೆ ಇಲ್ವಂತೆ. ಪುಸ್ತಕ ಮುಂದಿಟ್ಕೊಂಡು ಕಾಪಿ ಮಾಡಿದ್ದಾರೆ, ಅದಕ್ಕೆ ಎಲ್ಲರನ್ನೂ ಫೇಲ್ ಮಾಡಿದೀವಿ ಅಂತ ಬರೆದವ್ರೆ.”

ಹಿಂದಿನ ಬೆಂಚಿನಲ್ಲಿದ್ದ ಶಿವರಾಮು ಶಿವಲಕ್ಷ್ಮಿಯ ಕಡೆ ತಿರುಗಿದ. ಅವನೂ ಅದನ್ನೇ ಬರೆದಿದ್ದ. “ನಮ್ಮಪ್ಪಂದು ಯಾವ ಬ್ರಾಂಚು ಅಂತ ನಂಗೇ ಗೊತ್ತಿಲ್ಲ ಕಣಮ್ಮಿ. ಸಾಲಗೀಲ ಬೇಕಾದ್ರೆ ನಿಮ್ಮಪ್ಪನ್ನೇ ಕೇಳ್ಬೇಕು.”

ಯಾರೋ ನಕ್ಕರು. ಶಿವಲಕ್ಷ್ಮಿ ಎದ್ದು ನಿಂತಳು.

“ನಾನು ಪುಸ್ತಕ ನೋಡ್ನಿಲ್ಲ ಸಾರ್.”

“ನಂಗೊತ್ತು ಕಣಮ್ಮ. ನಾನೇ ಪಕ್ಕದಲ್ಲಿ ನಿಂತಿದ್ನಲ್ಲ.”

“ಬೇಕಾದ್ರೆ ಈಗ್ಲೇ ಹೇಳ್ತೀನಿ.”

ಕೈಕಟ್ಟಿಕೊಂಡು, ಎದುರಿನ ಗೋಡೆ ನೋಡುತ್ತಾ, ಪ್ರಬಂಧವನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಒಂದು ಕಡೆಯೂ ತಡವರಿಸಲಿಲ್ಲ. ಗಂಗಾಧರಸ್ವಾಮಿ ಕೇಳಿಸಿಕೊಂಡ. ಆಮೇಲೆ ಸಂಸ್ಥೆಗೆ ಫೋನ್ ಹಚ್ಚಿದ. ಭಾನುವಾರ ಆಫೀಸಿಲ್ಲ ಎಂದು ವಾಚ್‌ಮನ್ ಇಟ್ಟುಬಿಟ್ಟ. ಹೀಗೆ ನೋಡದೆ ಹೇಳಿದಳು ಎಂದು ಗಂಗಾಧರಸ್ವಾಮಿಯೇ ಪರೀಕ್ಷಕರಿಗೆ ಇ-ಮೇಲ್ ಬರೆದ. ಸ್ವಲ್ಪ ಹೊತ್ತಿಗೆ ಪರೀಕ್ಷಕರು ಮನೆಯಿಂದಲೇ ಉತ್ತರ ಕಳಿಸಿದರು: ಬಾಯಿಪಾಠವಾದರೂ ಅದು ಅವರ ಬರಹವಲ್ಲ. ಬೇಕಿದ್ದರೆ ಆ ವಿದ್ಯಾರ್ಥಿನಿ ಈಗಲೇ ಚಾಟ್‌ಗೆ ಬರಲಿ. ತಂದೆ ದಿನವೂ ಮಾಡುವ ಕೆಲಸದ ಬಗ್ಗೆ ಸ್ವಂತ ಮಾತಿನಲ್ಲಿ ಹದಿನೈದು ನಿಮಿಷ ಬರೆಯಲಿ.

“ಇದೇ ಕೊನೇ ಚಾನ್ಸು,” ಎಂದು ಗಂಗಾಧರಸ್ವಾಮಿ ಕುರ್ಚಿ ಎಳೆದುಕೊಟ್ಟ. “ಕೂತ್ಕೊ. ಎದ್ದು ನಿಂತ್ರೆ ಅವರಿಗೇನೂ ಕಾಣಲ್ಲ.”

ಶಿವಲಕ್ಷ್ಮಿ ‘ಮೈ ಫಾದರ್’ ಎಂದು ಟೈಪ್ ಮಾಡಿದಳು. ಬೆರಳುಗಳು ತಾವಾಗಿಯೇ ಮುಂದೆ ಹೋಗಿ ‘ಈಸ್ ಎ ಬ್ಯಾಂಕ್ ಆಫೀಸರ್’ ಎಂದು ಮುಗಿಸಿದವು. ಗಾಬರಿಯಿಂದ ಅಳಿಸಿದಳು.

ಅವಳ ಅಪ್ಪ ಮಾದಣ್ಣ ಗದ್ದೆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ. ಗೆಡ್ಡೆ ಕೀಳುವ ಕಾಲದಲ್ಲಿ ಅರಿಸಿನ ಬೇಯಿಸಲು ಅವನನ್ನೇ ಕರೆಯುತ್ತಿದ್ದರು. ಕೊಪ್ಪರಿಗೆಗೆ ಗೆಡ್ಡೆ ತುಂಬಿ, ನೀರು ಬಿಟ್ಟು, ಮೇಲೆ ತರಗು ಮುಚ್ಚಿ ಒಲೆ ಹಚ್ಚುತ್ತಿದ್ದ. ನೊರೆ ಎದ್ದು ಘಾಟು ಬಂದ ಮೇಲೆ ಬೆಂದಿದೆಯೇ ಎಂದು ಗೆಡ್ಡೆಗೆ ಕಡ್ಡಿ ಚುಚ್ಚಿ ನೋಡುತ್ತಿದ್ದ. ಚಿಕ್ಕವಳಿದ್ದಾಗ ಕಡ್ಡಿ ಆರಿಸಿ ಕೊಡುತ್ತಿದ್ದವಳು ಅವಳೇ. ಅಷ್ಟೂ ಈಗ ಕಣ್ಣ ಮುಂದಿತ್ತು, ಕನ್ನಡದಲ್ಲಿ. ಕೊಪ್ಪರಿಗೆಗೆ ಏನನ್ನಬೇಕು, ಘಾಟಿಗೆ ಏನನ್ನಬೇಕು, ಯಾವ ಗೈಡೂ ಹೇಳಿಕೊಟ್ಟಿರಲಿಲ್ಲ.

ಪರದೆಯಲ್ಲಿ ಪರೀಕ್ಷಕರ ಸಾಲು ಮೂಡಿತು. ಇದ್ದೀರಾ ಎಂದು ಕೇಳುತ್ತಿದ್ದರು.

ಗಂಗಾಧರಸ್ವಾಮಿ ಬಗ್ಗಿ ಮೆಲ್ಲಗೆ ಹೇಳಿದ: “ಕನ್ನಡದಲ್ಲಿ ಹೇಳು, ನಾನು ಇಂಗ್ಲಿಷ್ ಮಾಡಿ ಹೇಳ್ತಾ ಹೋಗ್ತೀನಿ. ನೀನು ಟೈಪ್ ಮಾಡು ಸಾಕು.”

“ಬ್ಯಾಡ ಸಾರ್.”

“ಸೀಟ್ ಹೋಯ್ತದೆ ಕಣಮ್ಮ.”

“ಆಗ ಅವ್ರು ಕಾಪಿ ಅಂತ ಬರ್ದಿರೋದೇ ನಿಜ ಆಯ್ತದೆ.”

ಅವನು ಹಿಂದೆ ಸರಿದ. ಶಿವಲಕ್ಷ್ಮಿ ಒಂದೊಂದೇ ಪದ ಹುಡುಕಿ ಜೋಡಿಸಿದಳು. ಅಪ್ಪ ಕೂಲಿ. ಅಪ್ಪ ಅರಿಸಿನ ಬೇಯಿಸುವುದು. ಬೆಂಕಿ ದೊಡ್ಡದು. ಅಪ್ಪನ ಕೈ ಹಳದಿ. ನಾಲ್ಕು ಮುರುಕು ಸಾಲುಗಳಾಗುವಷ್ಟರಲ್ಲಿ ಸಮಯ ಮುಗಿಯಿತು.

ಪರೀಕ್ಷಕರ ಉತ್ತರಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. ಇದು ನಿಮ್ಮದೇ ಬರಹ, ಸಂತೋಷ. ಆದರೆ ಸ್ನಾತಕೋತ್ತರ ತರಗತಿಗೆ ಈ ಮಟ್ಟ ಸಾಲದು. ಜನವರಿಯ ತಂಡಕ್ಕೆ ಸೇರಿಕೊಳ್ಳಿ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಗಂಗಾಧರಸ್ವಾಮಿ ಮತ್ತೆ ಹಚ್ಚಲು ಹೋಗಲಿಲ್ಲ.

ಮಗಳ ಜೊತೆ ಬಂದಿದ್ದ ಮಾದಣ್ಣ ಕೆಳಗೆ ಮಂಡಿಯ ಮೆಟ್ಟಿಲ ಮೇಲೆ ಕುಳಿತಿದ್ದ. ಅವಳನ್ನು ನೋಡಿ ಟವೆಲ್ ಕೊಡವಿ ಎದ್ದ.

“ಏನ್ ಕೇಳುದ್ರವ್ವ?”

“ನಿನ್ ಬಗ್ಗೆ ಕೇಳುದ್ರು ಕಣಪ್ಪ.”

“ನನ್ ಬಗ್ಗೆಯಾ?” ಮಾದಣ್ಣನಿಗೆ ನಗು ಬಂತು. “ಅದ್ಕೇನ್ ಓದ್ಬೇಕು. ಬರ್ದ್ ಬುಟ್ಟ್ಯಾ?”

“ಬರ್ದೆ. ಸಾಲ್ದಂತೆ.”

ಮಾದಣ್ಣ ಟವೆಲನ್ನು ಹೆಗಲಿಗೆ ಹಾಕಿಕೊಂಡ.

“ಇನ್ನೇನ್ ಬೇಕು ಅಂತ ನನ್ನೇ ಒಂದ್ಮಾತ್ ಕೂಗ್ಬಾರ್ದಿತ್ತಾ,” ಎಂದ. “ಇಲ್ಲೇ ಕುಂತಿದ್ನಲ್ಲ.”